ಒಂದು ಕೊಳವೆಯಿಂದ ಎರಡಕ್ಕೆ: 1965ರ ಮಸ್ಟ್ಯಾಂಗ್ ಕಾರಿಗೆ ಜೋಡಿ ಎಕ್ಸಾಸ್ಟ್ ಕೂಡಿಸುವ ಬಗೆ

ಸಹಪಾಠಿಗಳಿಗಾಗಿ ಬರೆದ ಈ ಟಿಪ್ಪಣಿಗೆ ಆಧಾರವಾಗಿ ತೆಗೆದುಕೊಂಡಿರುವುದು 1965ರ ಫೋರ್ಡ್ ಮಸ್ಟ್ಯಾಂಗ್, ಅದರಲ್ಲೂ 289 ಘನ ಇಂಚಿನ, ಅಂದರೆ ಸುಮಾರು 4.7 ಲೀಟರಿನ ವಿ8 ಎಂಜಿನ್ (ನಾಲ್ಕು ನಾಲ್ಕರ ಎರಡು ಸಾಲುಗಳಲ್ಲಿ ಎಂಟು ಸಿಲಿಂಡರು) ಇರುವ ಕಾರು. ಎರಡು ಬ್ಯಾರಲ್ ಕಾರ್ಬ್ಯುರೇಟರಿನ 200 ಅಶ್ವಶಕ್ತಿಯ ಮಾದರಿ ಕಾರ್ಖಾನೆಯಿಂದ ಒಂಟಿ ಎಕ್ಸಾಸ್ಟಿನೊಂದಿಗೆ, ಅಂದರೆ ಹೊಗೆ ಹೊರಹಾಕುವ ಒಂದೇ ಕೊಳವೆಯೊಂದಿಗೆ, ಬರುತ್ತಿತ್ತು; ಅದೇ ಕಾರಿನ ಜಿಟಿ ಮಾದರಿಗೆ ಕಂಪನಿಯೇ ಜೋಡಿ ಎಕ್ಸಾಸ್ಟ್ ಕೊಟ್ಟಿತ್ತು. ಆದ್ದರಿಂದ ಒಂದನ್ನು ಎರಡಾಗಿಸಿದಾಗ ಏನೇನು ಬದಲಾಗುತ್ತದೆ ಎಂಬುದನ್ನು ಒಂದೇ ಕಾರಿನಲ್ಲಿ ಹೋಲಿಸಿ ನೋಡಲು ಸಾಧ್ಯ. ಅಮೆರಿಕದ ಕಾರುಗಳಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯ ವಿಷಾನಿಲ ತಗ್ಗಿಸುವ ಸಾಧನ) ವ್ಯಾಪಕವಾಗಿ ಬಂದದ್ದು 1975ರ ಮಾದರಿಗಳಿಂದ. ಹಾಗಾಗಿ ಇಲ್ಲಿ ಕನ್ವರ್ಟರ್ ಮತ್ತು ಆಕ್ಸಿಜನ್ ಸೆನ್ಸರುಗಳ ತೊಡಕಿಲ್ಲದೆ ಮೂಲ ತತ್ವವನ್ನು ಕಲಿಯಬಹುದು.

ಮೊದಲು ತಿಳಿಯಬೇಕಾದದ್ದು ಕೊಳವೆಯ ಅಳತೆಯಲ್ಲ, ಎಂಜಿನ್ನಿನ ಉಸಿರಾಟದ ಲಯ. ಹೊಗೆ ಕೊಳವೆಯೊಳಗೆ ನೀರಿನಂತೆ ಒಂದೇ ಸಮನೆ ಹರಿಯುವುದಿಲ್ಲ. ಎಕ್ಸಾಸ್ಟ್ ವಾಲ್ವ್ ತೆರೆದಾಗಲೆಲ್ಲ ಒಂದೊಂದು ಒತ್ತಡದ ಅಲೆಯಾಗಿ ಹೊರಬರುತ್ತದೆ. ಈ ಎಂಜಿನ್ನಿನ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳು ಉರಿಯುವ ಸರದಿ, 1-5-4-2-6-3-7-8. ಫೋರ್ಡ್ ಪದ್ಧತಿಯಲ್ಲಿ ಮೊದಲ ನಾಲ್ಕು ಸಿಲಿಂಡರುಗಳು ಬಲಸಾಲಿನಲ್ಲಿ, ಉಳಿದ ನಾಲ್ಕು ಎಡಸಾಲಿನಲ್ಲಿ ಇರುತ್ತವೆ. ಇಡೀ ಎಂಜಿನ್ನನ್ನು ಲೆಕ್ಕಕ್ಕೆ ಹಿಡಿದರೆ ಕ್ರ್ಯಾಂಕ್ ಶಾಫ್ಟ್ 90 ಡಿಗ್ರಿ ತಿರುಗಿದಾಗಲೆಲ್ಲ ಒಂದು ಸಿಲಿಂಡರ್ ಉರಿಯುತ್ತದೆ, ಲಯ ಸಮವಾಗಿದೆ. ಆದರೆ ಬಲಸಾಲನ್ನು ಮಾತ್ರ ಬೇರ್ಪಡಿಸಿ ಬರೆದುಕೊಂಡರೆ 1, 4, 2, 3 ಎಂಬ ಕ್ರಮ ಸಿಗುತ್ತದೆ, ಮತ್ತು ಅವುಗಳ ನಡುವಿನ ಅಂತರ ಕ್ರಮವಾಗಿ 180, 90, 180, 270 ಡಿಗ್ರಿ. ಅಂದರೆ 4 ಮತ್ತು 2ನೇ ಸಿಲಿಂಡರುಗಳು ಒಂದರ ಬೆನ್ನಿಗೇ ಇನ್ನೊಂದು ಅದೇ ಕೊಳವೆಗೆ ಹೊಗೆ ತಳ್ಳುತ್ತವೆ. 3ನೆಯದು ಉರಿದ ಬಳಿಕ ಒಂದು ದೀರ್ಘ ಬಿಡುವು ಬರುತ್ತದೆ. ಎಡಸಾಲಿನಲ್ಲಿ ಇದೇ ಕೆಲಸವನ್ನು 7 ಮತ್ತು 8 ಮಾಡುತ್ತವೆ. ವಿ8 ಕಾರುಗಳ ಗುಡುಗುಡು ಸದ್ದಿಗೆ ಈ ಅಸಮ ಅಂತರವೇ ಮೂಲ. ಸಹಪಾಠಿಗಳು ಈ ಲೆಕ್ಕವನ್ನು ಒಮ್ಮೆ ಸ್ವತಃ ಕಾಗದದ ಮೇಲೆ ಮಾಡಿ ನೋಡಬೇಕೆಂದು ಒತ್ತಾಯಪೂರ್ವಕವಾಗಿ ಕೇಳಿಕೊಳ್ಳುತ್ತೇನೆ, ಏಕೆಂದರೆ ಮುಂದಿನ ಪ್ರತಿಯೊಂದು ನಿರ್ಧಾರವೂ ಇದರಿಂದಲೇ ಹುಟ್ಟುತ್ತದೆ.

ಎರಡು ಸಾಲುಗಳಿಗೂ ಸಂಬಂಧವೇ ಇಲ್ಲದಂತೆ ಎರಡು ಕೊಳವೆಗಳನ್ನು ಹಿಂದಕ್ಕೆ ಎಳೆದರೆ ಪ್ರತಿ ಕೊಳವೆಯೂ ತನ್ನ ಅಸಮ ಲಯವನ್ನು ತಾನೇ ಹೊರಬೇಕಾಗುತ್ತದೆ. ಒಂದರ ಹಿಂದೊಂದು ಬಂದ ಎರಡು ಅಲೆಗಳಿಂದ ಬಲಗೊಳವೆಯಲ್ಲಿ ಒತ್ತಡ ಏರಿರುವಾಗ ಎಡಗೊಳವೆ ಬಿಡುವಿನಲ್ಲಿರುತ್ತದೆ. ಇವೆರಡನ್ನೂ ಅಡ್ಡವಾಗಿ ಜೋಡಿಸುವ ತುಂಡೇ ಎಚ್ ಪೈಪ್: ಹೆಚ್ಚಿದ ಒತ್ತಡದ ಒಂದು ಪಾಲು ಖಾಲಿ ಇರುವ ಬದಿಗೆ ದಾಟುತ್ತದೆ, ಸದ್ದು ತುಸು ಗಂಭೀರವಾಗುತ್ತದೆ. ಎಕ್ಸ್ ಪೈಪಿನಲ್ಲಿ ಎರಡೂ ಹರಿವುಗಳು ಓರೆಯಾಗಿ ಬೆರೆತು ಮುಂದೆ ಸಾಗುವುದರಿಂದ ಸದ್ದಿನ ಸ್ಥಾಯಿ ಏರುತ್ತದೆ. ಈ ಕಾರಿನ ಮೂಲ ಧ್ವನಿಗೆ ಎಚ್ ಪೈಪೇ ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ. ಅದನ್ನು ಎಲ್ಲಿ ಕೂಡಿಸಬೇಕೆಂದು ತಿಳಿಯಲು ಗ್ಯಾರೇಜುಗಳಲ್ಲಿ ಹಳೆಯ ಉಪಾಯವೊಂದಿದೆ. ಹೊಸ ಕೊಳವೆಯ ಉದ್ದಕ್ಕೂ ಮೇಣದ ಬಳಪದಿಂದ ಗೆರೆ ಎಳೆದು, ಎಂಜಿನ್ನನ್ನು ಕೆಲಕಾಲ ಓಡಿಸಿ, ಮೇಣ ಎಲ್ಲಿಯವರೆಗೆ ಕರಗಿ ಸುಟ್ಟಿದೆ ಎಂದು ನೋಡುತ್ತಾರೆ; ಹೆಚ್ಚು ಕಾದ ಜಾಗದಲ್ಲಿ ಅಡ್ಡ ತುಂಡನ್ನು ಇಡುತ್ತಾರೆ. ಕಾರಿನ ಅಡಿಯಲ್ಲಿ ಗೇರ್‌ಬಾಕ್ಸಿನ ಕ್ರಾಸ್ ಮೆಂಬರ್ (ಅದನ್ನು ಹೊತ್ತ ಅಡ್ಡಪಟ್ಟಿ) ಎಷ್ಟು ಜಾಗ ಬಿಡುತ್ತದೆಯೋ ಅಷ್ಟರಲ್ಲೇ ಇದನ್ನು ಹೊಂದಿಸಬೇಕು.

ಅಳತೆಯ ವಿಷಯ ಬೇಗ ಮುಗಿಯುತ್ತದೆ. 1.65 ಮಿಲಿಮೀಟರ್ ದಪ್ಪದ ಗೋಡೆಯ, 2.25 ಇಂಚು ಹೊರವ್ಯಾಸದ ಕೊಳವೆಯ ಒಳವಿಸ್ತೀರ್ಣ ಸುಮಾರು 22.8 ಚದರ ಸೆಂಟಿಮೀಟರ್. ಎರಡು ಸೇರಿದರೆ 45.6. ಅದೇ ದಪ್ಪದ 3 ಇಂಚಿನ ಒಂಟಿ ಕೊಳವೆಯದು ಸುಮಾರು 41.7. ಹೀಗಾಗಿ 200ರಿಂದ 225 ಅಶ್ವಶಕ್ತಿಯ ಈ ಎಂಜಿನ್ನಿಗೆ 2.25 ಇಂಚಿನ ಜೋಡಿ ಧಾರಾಳವಾಗಿ ಸಾಕು. ಅದಕ್ಕಿಂತ ಹೆಚ್ಚು ವ್ಯಾಸದ ಕೊಳವೆ ಹಾಕಿದರೆ ಹೊಗೆಯ ವೇಗ ತಗ್ಗುತ್ತದೆ, ತೂಕ ಹೆಚ್ಚುತ್ತದೆ, ಆಕ್ಸಲಿನ ಮೇಲೆ ಹಾಯಿಸಲು ಜಾಗ ಸಾಲದೆ ಹೋಗುತ್ತದೆ. ಬಾಗುಗಳು ಮಾತ್ರ, ಕೊಳವೆಯೊಳಗೆ ಆಧಾರವಿಟ್ಟು ಬಾಗಿಸುವ ಮ್ಯಾಂಡ್ರೆಲ್ ಯಂತ್ರದಲ್ಲಿ ಬಾಗಿಸಿದವಾಗಿರಲಿ. ಸಾಮಾನ್ಯ ಪ್ರೆಸ್ಸಿನಲ್ಲಿ ಬಾಗಿಸಿದ ಕೊಳವೆ ತಿರುವಿನಲ್ಲಿ ಚಪ್ಪಟೆಯಾಗಿ, ಮೇಲೆ ಲೆಕ್ಕ ಹಾಕಿದ ವಿಸ್ತೀರ್ಣವನ್ನೇ ಕಳೆದುಕೊಳ್ಳುತ್ತದೆ.

ಕೂಡಿಸುವ ಕೆಲಸದಲ್ಲಿ ನಮಗೆ ಹೆಚ್ಚು ಕಲಿಸಿದ್ದು ಹಿಂದಿನ ಆಕ್ಸಲ್. ಮಸ್ಟ್ಯಾಂಗಿನ ಹಿಂಬದಿಯಲ್ಲಿರುವುದು ಲೀಫ್ ಸ್ಪ್ರಿಂಗುಗಳ ಮೇಲೆ ಕೂತ ಅಖಂಡ ಆಕ್ಸಲ್. ಚಕ್ರ ಏರಿದಂತೆ ಅದೂ ಏರುತ್ತದೆ, ಮತ್ತು ಟೇಲ್ ಪೈಪ್ (ಎಕ್ಸಾಸ್ಟಿನ ಹಿಂತುದಿಯ ಕೊಳವೆ) ಅದರ ಮೇಲಿನಿಂದ ಕಮಾನಿನಂತೆ ಹಾಯಬೇಕು. ನಾವು ಮೊದಲ ಬಾರಿ ಕಾರನ್ನು ಎರಡು ಕಂಬದ ಲಿಫ್ಟಿಗೆ ಏರಿಸಿ, ಆಕ್ಸಲ್ ಜೋತುಬಿದ್ದ ಸ್ಥಿತಿಯಲ್ಲೇ ಕೊಳವೆಯನ್ನು ಹೊಂದಿಸಿದೆವು. ನಡುವೆ ನಾಲ್ಕು ಬೆರಳಿನಷ್ಟು ಜಾಗ ಕಾಣುತ್ತಿತ್ತು. ಕಾರು ನೆಲಕ್ಕಿಳಿದಾಗ ಆ ಜಾಗ ಒಂದು ಬೆರಳಿಗೂ ಸಾಲದಾಯಿತು, ಮೊದಲ ಹಂಪಿನಲ್ಲೇ ಕೊಳವೆ ಆಕ್ಸಲಿಗೆ ಬಡಿದು ಠಣ್ ಎಂದಿತು. ಬಿಚ್ಚಿ ನೋಡಿದಾಗ ಬಾಗಿನ ಒಳಮೈಯಲ್ಲಿ ಬೆಳ್ಳಿಯಂತೆ ಹೊಳೆಯುವ ಒಂದು ಉಜ್ಜು ಗುರುತು ಮೂಡಿತ್ತು. ಆಕ್ಸಲಿನ ಕೆಳಗೆ ಸ್ಟ್ಯಾಂಡ್ ಕೊಟ್ಟು, ಕಾರಿನ ಭಾರವೆಲ್ಲ ಸ್ಪ್ರಿಂಗುಗಳ ಮೇಲೆ ಕೂತಿರುವಾಗಲೇ ಅಳತೆ ತೆಗೆಯಬೇಕು. ಆಕ್ಸಲ್ ರಬ್ಬರ್ ಬಂಪ್ ಸ್ಟಾಪಿಗೆ ತಾಗುವವರೆಗೂ ಏರಬಲ್ಲದು ಎಂಬುದನ್ನು ಲೆಕ್ಕದಲ್ಲಿ ಇಟ್ಟುಕೊಂಡಿರಬೇಕು.

ಎರಡನೆಯ ಎಚ್ಚರಿಕೆ ಪೆಟ್ರೋಲ್ ಟ್ಯಾಂಕಿನದು. ಈ ಕಾರಿನಲ್ಲಿ ಟ್ಯಾಂಕಿನ ಮೇಲ್ಮೈಯೇ ಡಿಕ್ಕಿಯ ನೆಲವಾಗಿರುತ್ತದೆ, ಮತ್ತು ಜೋಡಿ ಟೇಲ್ ಪೈಪುಗಳು ಅದರ ಇಕ್ಕೆಲಗಳಲ್ಲೂ ಹಾದುಹೋಗುತ್ತವೆ. ಆದ್ದರಿಂದ ಬ್ಯಾಟರಿ ಕಳಚಿ, ಟ್ಯಾಂಕಿನಿಂದ ದೂರವಿರುವ ಜಾಗಗಳಲ್ಲಿ ಮಾತ್ರ ಕೊಳವೆಗಳಿಗೆ ಸಣ್ಣ ಟ್ಯಾಕ್ ವೆಲ್ಡ್ (ತಾತ್ಕಾಲಿಕ ಬೆಸುಗೆಯ ಚುಕ್ಕೆ) ಹಾಕಿ, ಹಿಂಬದಿಯ ತುಂಡುಗಳನ್ನು ಗುರುತು ಮಾಡಿಕೊಂಡು ಹೊರತೆಗೆದು, ಪೂರ್ತಿ ವೆಲ್ಡಿಂಗನ್ನು ಮೇಜಿನ ಮೇಲೆ ಮಾಡಬೇಕು. ಬ್ರೇಕ್ ಪೈಪು, ಪೆಟ್ರೋಲ್ ಪೈಪು ಮತ್ತು ಹ್ಯಾಂಡ್‌ಬ್ರೇಕ್ ಕೇಬಲ್ ಹತ್ತಿರ ಬರುವಲ್ಲಿ ಶಾಖದ ತಡೆ ತಗಡು ಇರಲೇಬೇಕು.

304 ದರ್ಜೆಯ ಸ್ಟೇನ್‌ಲೆಸ್ ಉಕ್ಕಿನ ಕೊಳವೆ ಆರಿಸಿಕೊಂಡವರು ಇನ್ನೆರಡು ಸಂಗತಿಗಳನ್ನು ನೆನಪಿಡಬೇಕು. ಆರ್ಗಾನ್ ಅನಿಲದ ರಕ್ಷಣೆಯಲ್ಲಿ ಬೆಸೆಯುವ ಟಿಗ್ ವೆಲ್ಡಿಂಗ್ ಮಾಡುವಾಗ ಕೊಳವೆಯ ಒಳಗೂ ಆರ್ಗಾನ್ ತುಂಬಿಸದಿದ್ದರೆ ಬೆಸುಗೆಯ ಒಳಮೈ ಆಮ್ಲಜನಕಕ್ಕೆ ಸಿಕ್ಕಿ ಸಕ್ಕರೆ ಹರಳಿನಂತೆ ಒರಟಾಗುತ್ತದೆ, ಮುಂದೆ ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ಹಾಗೆಯೇ ಈ ಲೋಹ ಸಾಮಾನ್ಯ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ: 2.5 ಮೀಟರ್ ಉದ್ದದ ಕೊಳವೆಯ ಉಷ್ಣತೆ ಸರಾಸರಿ 300 ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಸುಮಾರು 13 ಮಿಲಿಮೀಟರ್ ಉದ್ದವಾಗುತ್ತದೆ. ಕೊಳವೆಯನ್ನು ತೂಗುಹಾಕುವ ಹ್ಯಾಂಗರುಗಳಲ್ಲಿ ರಬ್ಬರ್ ಬಳಸುವುದು ಕಂಪನವನ್ನು ತಡೆಯಲು ಮಾತ್ರವಲ್ಲ, ಈ ಹಿಗ್ಗುವಿಕೆಗೆ ದಾರಿ ಬಿಡಲು ಕೂಡ. ಕೊಳವೆಯನ್ನು ಕಾರಿನ ಮೈಗೆ ಬಿಗಿಯಾಗಿ ಕಟ್ಟಿದರೆ ಹಿಗ್ಗಿದ ಲೋಹ ಮ್ಯಾನಿಫೋಲ್ಡಿನ (ಎಂಜಿನ್ನಿಗೂ ಕೊಳವೆಗೂ ನಡುವಿನ ಭಾಗ) ಬೋಲ್ಟುಗಳನ್ನು ಎಳೆಯುತ್ತದೆ. ಜೋತುಬಿದ್ದ ಅಥವಾ ಮುರಿದ ಎಕ್ಸಾಸ್ಟುಗಳನ್ನು ಕಂಡಾಗಲೆಲ್ಲ ನಾನು ಮೊದಲು ಹ್ಯಾಂಗರನ್ನೇ ನೋಡುತ್ತೇನೆ.

ಹೆದ್ದಾರಿಯಲ್ಲಿ ಕಿವಿ ತುಂಬುವ ಮೊರೆತ ಬಂದರೆ ಅದಕ್ಕೂ ಲೆಕ್ಕವಿದೆ. 2000 ಆರ್‌ಪಿಎಂನಲ್ಲಿ ವಿ8 ಸೆಕೆಂಡಿಗೆ ಸುಮಾರು 133 ಬಾರಿ ಉರಿಯುತ್ತದೆ. 300 ಡಿಗ್ರಿಯ ಹೊಗೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 480 ಮೀಟರ್ ಆದ್ದರಿಂದ, ಆ ಅಲೆಯ ಉದ್ದದ ಕಾಲು ಭಾಗ, ಅಂದರೆ ಸುಮಾರು 90 ಸೆಂಟಿಮೀಟರ್ ಉದ್ದದ, ತುದಿ ಮುಚ್ಚಿದ ಕವಲು ಕೊಳವೆಯೊಂದನ್ನು ಜೋಡಿಸಿದರೆ ಮರಳಿ ಬರುವ ಅಲೆ ಮೊರೆತವನ್ನು ತಗ್ಗಿಸುತ್ತದೆ. ಹರಿವಿಲ್ಲದ ಆ ಕವಲಿನಲ್ಲಿ ಹೊಗೆ ತಣ್ಣಗಿರುವುದರಿಂದ ನಿಜವಾಗಿ ಬೇಕಾಗುವ ಉದ್ದ ಇದಕ್ಕಿಂತ ಕಡಿಮೆ. 150 ಡಿಗ್ರಿ ಎಂದು ಹಿಡಿದರೆ 77 ಸೆಂಟಿಮೀಟರ್ ಆಸುಪಾಸು.

ಭಾರತದಲ್ಲಿ ಓಡುವ ಕಾರಿಗೆ ಇದನ್ನು ಅನ್ವಯಿಸಲು ಬಯಸುವವರು ಮೊದಲು 1988ರ ಮೋಟಾರು ವಾಹನ ಕಾಯ್ದೆಯಲ್ಲಿ ವಾಹನದ ಮಾರ್ಪಾಡಿಗೆ ಸಂಬಂಧಿಸಿದ 52ನೇ ಕಲಮನ್ನೂ, 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಸೈಲೆನ್ಸರಿಗೆ ಸಂಬಂಧಿಸಿದ 120ನೇ ನಿಯಮವನ್ನೂ ಓದಬೇಕು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯ ಕಾರುಗಳ ಎಕ್ಸಾಸ್ಟ್ ಸದ್ದಿಗೆ 95 ಡೆಸಿಬಲ್ ಮಿತಿಯಿದೆ.

ಕೆಲಸ ಮುಗಿದ ಮೇಲೆ, ಎಂಜಿನ್ ಪೂರ್ತಿ ತಣ್ಣಗಿರುವಾಗ, ಒಂದು ಟೇಲ್ ಪೈಪಿನ ಬಾಯಿಗೆ ಬಟ್ಟೆ ತುರುಕಿ, ಇನ್ನೊಂದಕ್ಕೆ ವ್ಯಾಕ್ಯೂಮ್ ಕ್ಲೀನರಿನ ಗಾಳಿ ಊದುವ ತುದಿಯನ್ನು ಹಿಡಿದು, ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಬೇಕು. ಗುಳ್ಳೆ ಎದ್ದಲ್ಲಿ ಸೋರಿಕೆಯಿದೆ. ಬಳಿಕ ಮೂರ್ನಾಲ್ಕು ಬಾರಿ ಕಾರನ್ನು ಚೆನ್ನಾಗಿ ಕಾಯಿಸಿ, ಪ್ರತಿ ಸಲವೂ ಆರಲು ಬಿಟ್ಟು, ಕ್ಲಾಂಪುಗಳನ್ನು ಮತ್ತೊಮ್ಮೆ ಬಿಗಿಮಾಡಿ, ಬಿಸಿಯಿರುವಾಗಲೂ ಆರಿದಾಗಲೂ ಆಕ್ಸಲಿನ ಮೇಲಿನ ಅಂತರವನ್ನು ಅಳೆದು ಎರಡು ಅಂಕಿಗಳನ್ನೂ ಬರೆದಿಡಬೇಕು.