ಶ್ರೀಶೈಲಕ್ಕೆ ನಡೆದವರಿಗೂ ಕೇದಾರ ಯಾಕೆ ಕಷ್ಟ?

ಯುಗಾದಿ ಹತ್ತಿರ ಬಂತೆಂದರೆ ವಿಜಯಪುರ, ಬಾಗಲಕೋಟೆ ಕಡೆ ರಸ್ತೆ ತುಂಬ ಶ್ರೀಶೈಲದ ಪಾದಯಾತ್ರಿಗಳು. ಸುಡು ಬಿಸಿಲಲ್ಲಿ ನೂರಾರು ಕಿಲೋಮೀಟರ್ ನಡೆಯುವ ಈ ಜನಕ್ಕೆ ಕೇದಾರನಾಥದ ದಾರಿ ಯಾವ ಲೆಕ್ಕ ಅನಿಸುವುದು ಸಹಜ. ಕಾಲಿನ ಮಟ್ಟಿಗೆ ಅದು ನಿಜವೂ ಹೌದು. ಆದರೆ ಗಾಳಿಯ ಲೆಕ್ಕ ಬೇರೆ.

ವಿಜಯಪುರ ಇರುವುದು ಸುಮಾರು 600 ಮೀಟರ್ ಎತ್ತರದಲ್ಲಿ. ನಡಿಗೆ ಶುರುವಾಗುವ ಗೌರಿಕುಂಡ 2,000 ಮೀಟರ್ ಆಸುಪಾಸು, ಕೇದಾರ ಸುಮಾರು 3,580. ಮೇಲೆ ಹೋದರೂ ಗಾಳಿಯಲ್ಲಿ ಆಮ್ಲಜನಕದ ಪಾಲು ಅದೇ ಶೇ. 21. ಇಳಿಯುವುದು ಗಾಳಿಯ ಒತ್ತಡ. ಕೇದಾರದಲ್ಲಿ ಅದು ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲಿನಷ್ಟು. ಅಂದರೆ ಒಂದೊಂದು ಉಸಿರಿಗೂ ಸಿಗುವ ಆಮ್ಲಜನಕ ಸುಮಾರು ಮೂರನೇ ಒಂದು ಪಾಲು ಕಡಿಮೆ.

ದೇಹ ಸುಮ್ನೆ ಕೂರುವುದಿಲ್ಲ, ಉಸಿರಾಟ ಜೋರು ಮಾಡುತ್ತದೆ. ಆಗ ಇಂಗಾಲದ ಡೈಆಕ್ಸೈಡ್ ಜಾಸ್ತಿ ಹೊರಹೋಗಿ ರಕ್ತದಲ್ಲಿ ಕ್ಷಾರ ಹೆಚ್ಚುತ್ತದೆ. ಮೆದುಳು ಅದನ್ನು ಕಂಡು ಉಸಿರಿಗೆ ಕಡಿವಾಣ ಹಾಕುತ್ತದೆ. ಈ ಜಗ್ಗಾಟ ಗೊತ್ತಾಗುವುದು ರಾತ್ರಿ. ಮಲಗಿದವರ ಉಸಿರು ಕೆಲವು ಸೆಕೆಂಡ್ ನಿಂತೇಬಿಡುತ್ತದೆ, ಆಮೇಲೆ ದೊಡ್ಡ ಉಸಿರೆಳೆದು ಗಾಬರಿಯಲ್ಲಿ ಎದ್ದು ಕೂರುತ್ತಾರೆ. ಹೆಚ್ಚಿನ ಕ್ಷಾರವನ್ನು ಕಿಡ್ನಿ ಮೂತ್ರದಲ್ಲಿ ಹೊರಹಾಕಬೇಕು, ಅದಕ್ಕೆ ಕೆಲವು ದಿನ ಹಿಡಿಯುತ್ತದೆ. ಡೈಮಾಕ್ಸ್ ಮಾತ್ರೆ ಮಾಡುವುದೂ ಇದೇ ಕೆಲಸವನ್ನು, ಸ್ವಲ್ಪ ಬೇಗ. ಡಾಕ್ಟರ್ ಹೇಳದೆ ಮಾತ್ರ ಅದನ್ನು ನುಂಗಬೇಡಿ.

ಎತ್ತರಕ್ಕೆ ಹೀಗೆ ಹೊಂದಿಕೊಳ್ಳುವುದನ್ನು ದೇಹ ಊರಲ್ಲೇ ಕಲಿತು ಹೋಗಲು ಬರುವುದಿಲ್ಲ. ಬೆನ್ನಿಗೆ ಬ್ಯಾಗ್ ಹಾಕಿ ಬಾದಾಮಿ ಗುಡ್ಡ ಹತ್ತಿಳಿಯಿರಿ, ಒಳ್ಳೆಯದೇ. ದಮ್ಮು ಬರುತ್ತದೆ, ಹೊಸ ಬೂಟೂ ಕಾಲಿಗೆ ಹೊಂದುತ್ತದೆ. ಎತ್ತರದ ಕಾಯಿಲೆ ಮಾತ್ರ ಅದರಿಂದ ತಪ್ಪುವುದಿಲ್ಲ. ನನಗಂತೂ ಗಟ್ಟಿಮುಟ್ಟಾದ ಹುಡುಗರ ಬಗ್ಗೆಯೇ ಚಿಂತೆ ಜಾಸ್ತಿ, ಸರಸರ ಹತ್ತಿಬಿಡುತ್ತಾರಲ್ವಾ!

ಪರ್ವತ ವೈದ್ಯರ ನಿಯಮ ಹೀಗಿದೆ: 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಬಾರದು. ಗೌರಿಕುಂಡದಿಂದ ಕೇದಾರಕ್ಕೆ ಜನ ಒಂದೇ ದಿನ ಸುಮಾರು 1,600 ಮೀಟರ್ ಏರುತ್ತಾರೆ. ಹೆಲಿಕಾಪ್ಟರ್‌ನವರಿಗೆ ನಿಮಿಷಗಳು ಸಾಕು. ಗೌರಿಕುಂಡದಲ್ಲಿ ಒಂದು ರಾತ್ರಿ, ದಾರಿಯ ಲಿಂಚೋಲಿಯಲ್ಲಿ ಇನ್ನೊಂದು ರಾತ್ರಿ ಉಳಿದರೆ ದೇಹಕ್ಕೆ ಒಂದಿಷ್ಟು ಪುರಸತ್ತು ಸಿಗುತ್ತದೆ.

ತಲೆನೋವಿನ ಜೊತೆಗೆ ವಾಕರಿಕೆ, ತಲೆಸುತ್ತು, ಸುಸ್ತು ಬಂದರೆ ಮುಂದೆ ಹತ್ತಬೇಡಿ. ಅನುಮಾನ ಬಂದರೆ ಜೊತೆಗಿದ್ದವರನ್ನು ಒಂದು ಗೆರೆಯ ಮೇಲೆ ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಕಾಲ್ಬೆರಳು ತಾಗಿಸುತ್ತ ನಡೆಸಿ ನೋಡಿ. ತೂರಾಡಿದರೆ ಮೆದುಳಲ್ಲಿ ಊತ ಶುರುವಾಗಿರಬಹುದು. ಕೂತಲ್ಲೇ ಏದುಸಿರು, ಕೆಮ್ಮು ಇದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ಎರಡಕ್ಕೂ ಬೆಳಗಾಗಲಿ ಅಂತ ಕಾಯುವಂತಿಲ್ಲ. ಆಮ್ಲಜನಕ ಕೊಡಿಸಿ, ಕೂಡಲೇ ಕೆಳಗೆ ಇಳಿಸಬೇಕು. ಒಬ್ಬರನ್ನೇ ಕಳಿಸಬೇಡಿ.

ಎತ್ತರ ಒಂದೊಂದು ಕಿಲೋಮೀಟರ್ ಏರಿದಂತೆ ಸುಮಾರು 6.5 ಡಿಗ್ರಿ ಚಳಿ ಹೆಚ್ಚುತ್ತದೆ, ಒಂದೇ ದಪ್ಪ ಸ್ವೆಟರ್‌ಗಿಂತ ಪದರ ಪದರ ಬಟ್ಟೆ ಮೇಲು. ಮೇಲೆ ಹಸಿವು ಸಾಯುತ್ತದೆ, ಜೇಬಲ್ಲಿ ಗೋಕಾಕ ಕರದಂಟು ಇರಲಿ. ಬಿಪಿ, ಶುಗರ್, ಹೃದಯದ ತೊಂದರೆ ಇದ್ದವರು ಮೊದಲು ಡಾಕ್ಟರ್‌ ಹತ್ತಿರ ಹೋಗಿ, ಆಮೇಲೆ ಟಿಕೆಟ್ ತೆಗೆಸಿ. ವಾಪಸ್ ಟಿಕೆಟ್ ಎರಡು ದಿನ ತಡವಾಗಿಯೇ ಇರಲಿ. ರೈಲು ತಪ್ಪೀತು ಅನ್ನುವ ಅವಸರಕ್ಕೇ ಎಷ್ಟೋ ಜನ ತಲೆನೋವು ಮುಚ್ಚಿಟ್ಟುಕೊಂಡು ಹತ್ತುತ್ತಾರೆ.