ಮೈಮೇಲಿನ ನೀರೆಲ್ಲ ಬೆವರಲ್ಲ

ರಷ್ಯಾದವರು ಬಾನ್ಯಾ ಎನ್ನುವ ಸ್ನಾನಗೃಹದ ಹಬೆಕೋಣೆಗೆ ಕಾಲಿಟ್ಟು ಇನ್ನೂ ಒಂದು ನಿಮಿಷವಾಗಿರಲಿಲ್ಲ. ಮುಂಗೈ ನೋಡಿಕೊಂಡರೆ ರೋಮದ ತುದಿತುದಿಯಲ್ಲೂ ನೀರಹನಿ. ಇಷ್ಟು ಬೇಗ ಇಷ್ಟೊಂದು ಬೆವರೇ ಎಂದುಕೊಂಡೆ. ಅದು ಬೆವರಲ್ಲ ಎಂದು ಹೊಳೆದದ್ದು ಆಮೇಲೆ. ಒಲೆಯ ಕಲ್ಲಿಗೆ ಎರಚಿದ ನೀರು ಹಬೆಯಾಗಿ ತೇಲಿಬಂದು ನನ್ನ ಮೈಮೇಲೆ ಮತ್ತೆ ನೀರಾಗಿತ್ತು. ಬಾನ್ಯಾದ ಬಿಸಿಯ ಗುಟ್ಟು ಆ ಹನಿಯಲ್ಲಿದೆ.

ಇದು ಮಾಸ್ಕೋದಲ್ಲಿ. ಹೊರಗೆ ಮೆಟ್ರೊ, ಟ್ರಾಫಿಕ್ಕು, ಗಾಜಿನ ಕಟ್ಟಡಗಳು. ಊರಿನ ಅತಿ ಹೆಸರುವಾಸಿ ಬಾನ್ಯಾ ಸಂದುನಿಯನ್ನು ಸಿಲಾ ಸಂದುನೋವ್ ಎಂಬ ರಂಗನಟ ತೆರೆದದ್ದು 1808ರಲ್ಲಿ. ಈಗಿರುವ ಅರಮನೆಯಂಥ ಕಟ್ಟಡ 1896ರದು. ಪದ್ಧತಿ ಮಾತ್ರ ಎಷ್ಟೋ ಹಳೆಯದು. 12ನೇ ಶತಮಾನದ ಆರಂಭದಲ್ಲಿ ಬರೆದ, ರಷ್ಯನ್ನರ ಪೂರ್ವಜರಾದ ಸ್ಲಾವ್ ಜನರ ಚರಿತ್ರೆಯೊಂದರಲ್ಲಿ ಮರದ ಸ್ನಾನದ ಮನೆಯನ್ನು ಚೆನ್ನಾಗಿ ಕಾಯಿಸಿ, ಎಳೆ ರೆಂಬೆಗಳಿಂದ ತಮ್ಮನ್ನು ತಾವೇ ಹೊಡೆದುಕೊಂಡು, ಕೊನೆಗೆ ತಣ್ಣೀರು ಸುರಿದುಕೊಳ್ಳುವ ಜನರ ವರ್ಣನೆ ಬರುತ್ತದೆ.

ಫಿನ್ಲೆಂಡಿನ ಬಿಸಿಗಾಳಿ ಸ್ನಾನದ ಕೋಣೆಯಾದ ಸೌನಾದಲ್ಲಿ ಗಾಳಿ 80ರಿಂದ 100 ಡಿಗ್ರಿ ಕಾದಿರುತ್ತದೆ. ಬಾನ್ಯಾದಲ್ಲಿ ಸಾಮಾನ್ಯವಾಗಿ 60–70. ಹಾಗೆಂದು ಬಾನ್ಯಾ ಕಡಿಮೆ ಸುಡುತ್ತದೆ ಎಂದುಕೊಂಡು ಕೂರಲೆಂದು ಇರುವ ಮೇಲಿನ ಜಗಲಿ ಹತ್ತಿದವರು ಬೇಗ ಇಳಿದುಬರುತ್ತಾರೆ. ಸೌನಾದ ಗಾಳಿ ಒಣ, ಬಾನ್ಯಾದ್ದು ತೇವ. ಗಾಳಿ 65 ಡಿಗ್ರಿ, ತೇವಾಂಶ ಶೇ. 50 ಇದೆ ಎನ್ನಿ. ಅಂಥಲ್ಲಿ ಸುಮಾರು 50 ಡಿಗ್ರಿಗಿಂತ ತಣ್ಣಗಿರುವ ಯಾವುದರ ಮೇಲಾದರೂ ಹಬೆ ಹನಿಗಟ್ಟುತ್ತದೆ. ನಮ್ಮ ಚರ್ಮ 40ರ ಆಸುಪಾಸು. ಫ್ರಿಜ್ಜಿನಿಂದ ತೆಗೆದ ಬಾಟಲಿಯ ಹೊರಮೈ ಒದ್ದೆಯಾಗುವುದನ್ನು ನೋಡಿದ್ದೀರಲ್ಲ, ಆ ಕೋಣೆಯಲ್ಲಿ ತಣ್ಣನೆಯ ಬಾಟಲಿ ನಾವೇ.

ಒಂದು ಗ್ರಾಂ ಹಬೆ ಚರ್ಮದ ಮೇಲೆ ನೀರಾಗುವಾಗ ಸುಮಾರು 2,400 ಜೂಲ್ ಶಾಖ ಬಿಟ್ಟುಕೊಡುತ್ತದೆ. ಅಷ್ಟೇ ನೀರನ್ನು ಸೊನ್ನೆಯಿಂದ 100 ಡಿಗ್ರಿಗೆ ಕಾಯಿಸಲು 420 ಜೂಲ್ ಸಾಕು. ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುವಾಗ ಕೈಗೆ ಹಬೆ ತಗುಲಿದವರಿಗೆ ಈ ಲೆಕ್ಕ ಬೇರೆ ಹೇಳಬೇಕಿಲ್ಲ. ಸೌನಾದಲ್ಲಿ ಬೆವರು ಆರುತ್ತ ಗ್ರಾಂಗೆ ಅದೇ 2,400 ಜೂಲ್‌ನಷ್ಟು ಶಾಖವನ್ನು ಮೈಯಿಂದ ಹೊತ್ತೊಯ್ಯುತ್ತದೆ. ಬಾನ್ಯಾದಲ್ಲಿ ಬೆವರಿಗೆ ಆರಲು ಜಾಗವೇ ಇಲ್ಲ. ಕಲಬುರಗಿಯ ಬಿಸಿಲಿಗೂ ಮಂಗಳೂರಿನ ಸೆಕೆಗೂ ಇರುವ ವ್ಯತ್ಯಾಸ ಇದೇ.

ಸ್ನಾನ ಮುಗಿಸಿ ಬಂದವರಿಗೆ ರಷ್ಯನ್ನರು ‘ಸ್ ಲ್ಯೋಖ್ಕಿಮ್ ಪಾರಮ್’ ಎಂದು ಶುಭ ಕೋರುತ್ತಾರೆ. ಪದಶಃ ‘ಹಗುರ ಹಬೆಯೊಂದಿಗೆ’. ಈ ಮಾತು ನನಗೆ ಬಹಳ ಇಷ್ಟ, ಏಕೆಂದರೆ ಇದರಲ್ಲಿ ಭೌತವಿಜ್ಞಾನವಿದೆ. ನಿಜವಾದ ಹಬೆ ಕಣ್ಣಿಗೆ ಕಾಣುವುದಿಲ್ಲ. ಬೆಳ್ಳಗೆ ಕಾಣುವುದು ಆಗಲೇ ತಣಿದು ಸಣ್ಣ ಹನಿಗಳಾದ ನೀರು. ಕಲ್ಲು ನೂರಾರು ಡಿಗ್ರಿ ಕಾದಿದ್ದರೆ ಎರಚಿದ ಬಿಸಿನೀರು ಕ್ಷಣದಲ್ಲಿ ಮಾಯವಾಗಿ ಕೋಣೆ ತಿಳಿಯಾಗಿ ಉಳಿಯುತ್ತದೆ. ಒಮ್ಮೆಲೇ ಹೆಚ್ಚು ಸುರಿದರೆ ಕಲ್ಲು ತಣಿಯುತ್ತದೆ, ನೀರು ಕೊತಕೊತ ಎನ್ನುತ್ತದೆ, ಕೋಣೆಯಲ್ಲಿ ಮಂಜು ಕವಿದು ಉಸಿರು ಭಾರವಾಗುತ್ತದೆ. ಅದಕ್ಕೇ ಪಳಗಿದ ಕೈಯವರು ಸ್ವಲ್ಪಸ್ವಲ್ಪವೇ ಎರಚಿ, ನಡುವೆ ನಿಂತು ಸದ್ದು ಕೇಳಿಸಿಕೊಳ್ಳುತ್ತಾರೆ.

ಇನ್ನು ವೇನಿಕ್, ಎಲೆ ಸಮೇತ ಕಟ್ಟಿದ ಬರ್ಚ್ ಅಥವಾ ಓಕ್ ರೆಂಬೆಗಳ ಹಿಡಿ. ದೂರದಿಂದ ನೋಡಿದರೆ ಹೊಡೆತದಂತೆ ಕಾಣುತ್ತದೆ. ಹತ್ತಿರದಲ್ಲಿ ಅದು ಬೀಸಣಿಗೆ. ಚರ್ಮಕ್ಕೆ ಅಂಟಿಕೊಂಡಂತೆ ಗಾಳಿಯ ತೆಳುಪದರವೊಂದಿರುತ್ತದೆ, ಕೋಣೆಗಿಂತ ತಣ್ಣಗೆ, ರಕ್ಷಾಕವಚದ ಹಾಗೆ. ವೇನಿಕ್ ಅದನ್ನು ಚದುರಿಸಿ ಸೂರಿನಡಿಯ ಬಿಸಿಗಾಳಿಯನ್ನು ಕೆಳಕ್ಕೆಳೆಯುತ್ತದೆ. ಬೆನ್ನಿಗೆ ಎಲೆ ತಾಗುವ ಮೊದಲೇ ಶಾಖ ತಾಗುತ್ತದೆ. ತಲೆಗೆ ಉಣ್ಣೆಯ ಟೋಪಿ ಹಾಕುವುದೂ ಇದೇ ಕಾರಣಕ್ಕೆ: ಉಣ್ಣೆಯೊಳಗೆ ಸಿಕ್ಕಿಕೊಂಡ ಗಾಳಿ ಶಾಖವನ್ನು ತಡೆಯುತ್ತದೆ.

ಬೆವರಿನೊಡನೆ ವಿಷವೆಲ್ಲ ಹೋಗುತ್ತದೆ ಎಂಬ ಮಾತು ನಿಜವಲ್ಲ. ಬೆವರೆಂದರೆ ಬಹುಪಾಲು ನೀರು, ಒಂದಿಷ್ಟು ಉಪ್ಪು. ವಿಷ ತೆಗೆಯುವುದು ಯಕೃತ್ತು, ಮೂತ್ರಪಿಂಡಗಳ ಕೆಲಸ. ಹಬೆಯಿಂದೆದ್ದು ತಣ್ಣೀರಿಗೆ ಧುಮುಕಿದಾಗ ಹಿಗ್ಗಿದ ರಕ್ತನಾಳಗಳು ಥಟ್ಟನೆ ಕುಗ್ಗಿ ರಕ್ತದೊತ್ತಡ ಏರುತ್ತದೆ. ಹೃದ್ರೋಗಿಗಳು, ಕುಡಿದವರು ದಯವಿಟ್ಟು ಆ ಸಾಹಸಕ್ಕೆ ಹೋಗಬಾರದು.

ನಾನು ಹೊರಗಿನ ಕೋಣೆಗೆ ಬಂದು ಚಹಾ ಹಿಡಿದು ಕೂತೆ. ಮೈಮೇಲಿನ ನೀರು ಈಗ ಆರತೊಡಗಿತ್ತು, ತಾನು ತಂದಿದ್ದ ಶಾಖವನ್ನು ವಾಪಸ್ ಒಯ್ಯುತ್ತ. ಮುಂಗೈಗೆ ಬರ್ಚ್ ಎಲೆಯೊಂದು ಅಂಟಿಕೊಂಡಿತ್ತು. ಸುತ್ತಲ ಚರ್ಮ ಒಣಗಿ ತಣ್ಣಗಾಗಿತ್ತು. ಎಲೆ ಎತ್ತಿ ನೋಡಿದರೆ ಅದರಡಿ ಇನ್ನೂ ಒದ್ದೆ, ಇನ್ನೂ ಬೆಚ್ಚಗೆ.