ಕೈದಿ ಹಾಕಿದ ಕೇಸು ವಿಚಾರಣೆಯೇ ಇಲ್ಲದೆ ವಜಾ ಆಗೋದು ಹೇಗೆ?

ಓದುಗರ ಪ್ರಶ್ನೆ: ಜೈಲು ಸಿಬ್ಬಂದಿ ಹೊಡೆದರು ಅಂತ ಅಮೆರಿಕದ ಕೈದಿಯೊಬ್ಬ ಫೆಡರಲ್ ಕೋರ್ಟಿಗೆ ಹೋದ. ಹೊಡೆದಿದ್ದು ನಿಜವೋ ಸುಳ್ಳೋ ಅಂತ ನೋಡದೆಯೇ ಜಡ್ಜ್ ಕೇಸು ವಜಾ ಮಾಡಿದರಂತೆ. ಹೀಗೂ ಮಾಡಬಹುದಾ?

ಮಾಡಬಹುದು. ಎಷ್ಟೋ ಸಲ ಇದಕ್ಕೆ ಕಾರಣ ವಾಪಸ್ ಬಂದ ಒಂದು ಲಕೋಟೆ, ಅಷ್ಟೇ.

ಇಂಥ ಕೇಸು ಹಾಕೋದು, ಹಕ್ಕು ಉಲ್ಲಂಘಿಸಿದ ಸರ್ಕಾರಿ ಸಿಬ್ಬಂದಿ ಮೇಲೆ ದಾವೆ ಹೂಡಲು ಬಿಡುವ 1871ರ ಒಂದು ಕಾನೂನಿನಡಿ. ಈಗ ಅದನ್ನು ಸೆಕ್ಷನ್ 1983 ಅಂತಾರೆ. ಇದು ಸಿವಿಲ್ ದಾವೆ, ಹಾಗಾಗಿ ಸರ್ಕಾರ ವಕೀಲರನ್ನು ಕೊಡಲೇಬೇಕು ಅಂತಿಲ್ಲ. ಹೆಚ್ಚಿನ ಕೈದಿಗಳು ತಾವೇ ಬರೆದು, ತಾವೇ ವಾದಿಸುತ್ತಾರೆ, ಕೋರ್ಟಿನ ಜೊತೆಗಿನ ವ್ಯವಹಾರವೆಲ್ಲ ಬಹುಪಾಲು ಅಂಚೆಯಲ್ಲೇ. ಈ ಮಧ್ಯೆ ಆತನನ್ನು ಬೇರೆ ಜೈಲಿಗೆ ಸಾಗಿಸುತ್ತಾರೆ, ಇಲ್ಲವೇ ಬಿಡುಗಡೆಯಾಗುತ್ತದೆ. ಕೋರ್ಟಿನ ಪತ್ರ ಹಳೇ ಜೈಲಿಗೆ ಹೋಗಿ 'ಇಲ್ಲಿ ಇಲ್ಲ' ಅಂತ ವಾಪಸ್ ಬರುತ್ತದೆ. ವಿಳಾಸ ಬದಲಾದರೆ ತಿಳಿಸೋದು ದಾವೆ ಹಾಕಿದವನ ಜವಾಬ್ದಾರಿ, ಗುಮಾಸ್ತರು ಹುಡುಕಿಕೊಂಡು ಹೋಗಲ್ಲ. ಆಮೇಲೆ 'ಕೇಸನ್ನು ಯಾಕೆ ವಜಾ ಮಾಡಬಾರದು, ಕಾರಣ ಕೊಡಿ' ಅಂತ ಆದೇಶ ಹೊರಡುತ್ತದೆ. ಅದೂ ಹೋಗೋದು ಅದೇ ಹಳೇ ವಿಳಾಸಕ್ಕೆ! ಉತ್ತರ ಎಲ್ಲಿಂದ ಬರಬೇಕು?

ಕೊನೆಗೆ, ದಾವೆ ಮುಂದುವರಿಸದವನ ಅಥವಾ ಆದೇಶ ಪಾಲಿಸದವನ ಕೇಸು ಕೈಬಿಡಲು ಇರುವ ಸಿವಿಲ್ ನಿಯಮ 41(ಬಿ) ಬಳಸಿ ವಜಾ. ಎದುರು ಪಕ್ಷ ಕೇಳದಿದ್ದರೂ ಜಡ್ಜ್ ತಾವಾಗಿಯೇ ಹೀಗೆ ಮಾಡಬಹುದು ಅಂತ ಅಲ್ಲಿನ ಸುಪ್ರೀಂ ಕೋರ್ಟ್ 1962ರಲ್ಲೇ ಹೇಳಿದೆ. ಅದು ಕೈದಿಯ ಕೇಸಲ್ಲ, ರೈಲ್ವೆ ಕಂಪನಿ ಮೇಲಿನ ದಾವೆ, ವಕೀಲ ವಿಚಾರಣಾಪೂರ್ವ ಸಭೆಗೆ ಬಂದಿರಲಿಲ್ಲ. ನಮ್ಮಲ್ಲೂ ವಾದಿ ಗೈರಾದರೆ ದಾವೆ ವಜಾ ಆಗುತ್ತದಲ್ವಾ, ಹೆಚ್ಚುಕಮ್ಮಿ ಹಾಗೆಯೇ.

ಸುಮ್ನೆ ವಜಾ ಮಾಡುವಂತೆಯೂ ಇಲ್ಲ. ಅಲ್ಲಿನ ಫೆಡರಲ್ ಮೇಲ್ಮನವಿ ಕೋರ್ಟುಗಳ ವ್ಯಾಪ್ತಿಗೆ ಸರ್ಕ್ಯೂಟ್ ಅಂತಾರೆ. ಪೆನ್ಸಿಲ್ವೇನಿಯಾ ಸೇರಿದ ಥರ್ಡ್ ಸರ್ಕ್ಯೂಟ್‌ನಲ್ಲಿ 1984ರಿಂದ ಆರು ಅಂಶ ತೂಗಿ ನೋಡುತ್ತಾರೆ. ತಪ್ಪು ಯಾರದು, ಎದುರಾಳಿಗೆ ತೊಂದರೆಯಾಯಿತಾ, ಹಿಂದೆಯೂ ಹೀಗೇ ಮಾಡಿದ್ದನಾ, ಬೇಕಂತಲೇ ಮಾಡಿದ್ದಾ, ಸಣ್ಣ ಶಿಕ್ಷೆ ಸಾಕಾಗಲ್ವಾ, ದೂರಿನಲ್ಲಿ ಹುರುಳಿದೆಯಾ. ವಕೀಲನೇ ಇಲ್ಲದವನು ಮೊದಲನೆಯದರಲ್ಲೇ ಸೋಲುತ್ತಾನೆ, ಬೇರೆ ಯಾರ ಮೇಲೆ ತಪ್ಪು ಹೊರಿಸೋದು? ಬೇರೆ ಸರ್ಕ್ಯೂಟ್‌ಗಳ ಪಟ್ಟಿ ಕೊಂಚ ಬೇರೆ ಇರುತ್ತದೆ. ನನಗಂತೂ ಕೊನೆಯ ಅಂಶಕ್ಕೆ ಇನ್ನಷ್ಟು ತೂಕ ಸಿಗಬೇಕು ಅನಿಸುತ್ತದೆ.

ಆದೇಶದಲ್ಲಿ ಮುಖ್ಯವಾಗಿ ನೋಡಬೇಕಾದ್ದು, ಮತ್ತೆ ದಾವೆ ಹಾಕಲು ಬಿಟ್ಟಿದ್ದಾರಾ ಅನ್ನೋದು. ಏನೂ ಬರೆದಿಲ್ಲದಿದ್ದರೆ ಸಾಮಾನ್ಯವಾಗಿ ಬಾಗಿಲು ಮುಚ್ಚಿದಂತೆಯೇ. ಬಿಟ್ಟಿದ್ದರೂ ಕಾಲಮಿತಿ ಮೀರಿರಬಹುದು, ಪೆನ್ಸಿಲ್ವೇನಿಯಾದಲ್ಲಿ ಅದು 2 ವರ್ಷ ಮಾತ್ರ. ಕೈದಿಗಳ ದಾವೆಗಳ ಬಗ್ಗೆ ಬಂದ 1996ರ ಕಾನೂನಿನಿಂದಾಗಿ ದಾವೆ ಹಾಕುವ 350 ಡಾಲರ್ ಶುಲ್ಕವೂ ತಪ್ಪಲ್ಲ, ಬಡ ಕೈದಿಯಾದರೂ ಅವನ ಜೈಲು ಖಾತೆಗೆ ಬರುವ ಹಣದಲ್ಲಿ ತಿಂಗಳಿಗೆ ಶೇಕಡಾ 20ರಂತೆ ಮುರಿದುಕೊಳ್ಳುತ್ತಲೇ ಇರುತ್ತಾರೆ. ಕೇಸು ಹೋದರೂ ಕಂತು ನಿಲ್ಲಲ್ಲ.

ವಜಾ ಆದ ಮೇಲೆ ಮೇಲ್ಮನವಿಗೆ ಸಾಮಾನ್ಯವಾಗಿ 30 ದಿನ ಇರುತ್ತದೆ. ಕ್ಷಮಿಸಬಹುದಾದ ಅಲಕ್ಷ್ಯ ಅಂತ ತೋರಿಸಿ ನಿಯಮ 60(ಬಿ)ಯಡಿ ವಜಾ ಆದೇಶ ತೆಗೆದುಹಾಕಿ ಅಂತ ಅದೇ ಕೋರ್ಟನ್ನು ಕೇಳಬಹುದು, ತಡ ಮಾಡಬಾರದು, 1 ವರ್ಷ ದಾಟಲೇಬಾರದು. ಹೊಸ ಜೈಲಿಗೆ ಬಂದ ದಿನವೇ ಕೇಸ್ ನಂಬರ್, ಹೊಸ ವಿಳಾಸ ಬರೆದ ಒಂದು ಸಾಲಿನ ಕಾಗದ ಗುಮಾಸ್ತರಿಗೆ ಹಾಕಿದ್ದರೆ ಇದ್ಯಾವುದೂ ಬೇಕಾಗುತ್ತಿರಲಿಲ್ಲ.